ಉಳಿಸಿಟ್ಟ ಲಿಂಕ್‌ಗಳು ರಾಶಿ ರಾಶಿ. ನಿಮ್ಮ ಅರ್ಧಂಬರ್ಧ ಕೆಲಸ ನೋಡುವವರು ಯಾರಿದ್ದಾರೆ?

ಲೆಕ್ಕದಕ್ಕ

ಎಲ್ಲರಿಗೂ ನಮಸ್ಕಾರ. ಕೆಲಸದ ಜೊತೆಗೇ ಸಂಖ್ಯಾಶಾಸ್ತ್ರ ಕಲಿಯುತ್ತಿದ್ದೇನೆ. ಪಾಠಗಳಿಗೆ ಬರವಿಲ್ಲ. ವಿಡಿಯೋ ಇದೆ, ಆ್ಯಪ್ ಇದೆ, ಉಚಿತ ಪುಸ್ತಕಗಳಿವೆ, ಬಲ್ಲವರು ದಿನಾ ಬರೆಯುವ ಪೋಸ್ಟ್‌ಗಳಿವೆ. ಇಷ್ಟಿದ್ದರೂ ಕಲಿಕೆ ನಿಜವಾಗಿ ಮುಂದಕ್ಕೆ ಹೋಗುವುದು ಇನ್ನೊಬ್ಬರು ನಮ್ಮ ಕೆಲಸ ನೋಡಿದಾಗಲೇ ಅಂತ ನನಗೆ ದಿನೇ ದಿನೇ ಗಟ್ಟಿಯಾಗುತ್ತಿದೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮದೊಂದು ಸಣ್ಣ ಆನ್‌ಲೈನ್ ಗುಂಪಿದೆ. ಯಾರೂ ಯಾರನ್ನೂ ಮುಖಾಮುಖಿ ನೋಡಿಲ್ಲ. ಅದರಲ್ಲಿ ಒಬ್ಬರು ಎರಡು ಸರಾಸರಿಗಳನ್ನು ಹೋಲಿಸುವ ಗ್ರಾಫ್ ಹಾಕಿದ್ದರು. ಎರಡು ಕಂಬ, ಒಂದೊಂದರ ತಲೆಯ ಮೇಲೂ ಒಂದು ಸಣ್ಣ ಗೆರೆ. ಎರಡು ಗೆರೆಗಳೂ ಒಂದರ ಎತ್ತರಕ್ಕೆ ಇನ್ನೊಂದು ಬರುತ್ತಿರಲಿಲ್ಲ. ಹಾಗಾಗಿ ವ್ಯತ್ಯಾಸ ನಿಜವೇ ಅಂತ ಕೆಳಗೆ ಬರೆದಿದ್ದರು. ಗುಂಪಿನ ಇನ್ನೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಆ ಗೆರೆ ಯಾವುದರದ್ದು? ಸ್ಟ್ಯಾಂಡರ್ಡ್ ಡೀವಿಯೇಷನ್ ಇರಬಹುದಾ, ಸ್ಟ್ಯಾಂಡರ್ಡ್ ಎರರ್ ಇರಬಹುದಾ?"

ಸಾಫ್ಟ್‌ವೇರ್ ತಾನಾಗಿ ಎಳೆದ ಗೆರೆ ಅದು. ಡೀವಿಯೇಷನ್ ಆದರೆ ಅಂಕಿಗಳು ಎಷ್ಟು ಚದುರಿವೆ ಅಂತ ಹೇಳುತ್ತದೆ. ಎರರ್ ಆದರೆ ನಾವು ಲೆಕ್ಕ ಹಾಕಿದ ಸರಾಸರಿಯನ್ನು ಎಷ್ಟು ನಂಬಬಹುದು ಅಂತ ಹೇಳುತ್ತದೆ. ಅಂಕಿಗಳು 100 ಇದ್ದರೆ ಎರಡನೆಯದು ಮೊದಲನೆಯದರ ಹತ್ತನೇ ಒಂದು ಭಾಗ. ಅಂದರೆ ಅದೇ ಅಂಕಿ, ಅದೇ ಕಂಬ, ಗೆರೆ ಮಾತ್ರ ಹತ್ತು ಪಟ್ಟು ಚಿಕ್ಕದು! ಅದೂ ಅಲ್ಲದೆ, ಸ್ಟ್ಯಾಂಡರ್ಡ್ ಎರರ್ ಗೆರೆಗಳು ಒಂದರ ಮೇಲೊಂದು ಬರದಿದ್ದ ಮಾತ್ರಕ್ಕೆ ವ್ಯತ್ಯಾಸ ಖಚಿತ ಅಂತ ಹೇಳೋಕೆ ಆಗಲ್ಲ. ಆ ಒಂದು ಪ್ರಶ್ನೆಯಿಂದ ಎರಡು ದಿನ ಮಾತು ನಡೆಯಿತು. ಗುಂಪಿನ ಎಲ್ಲರೂ ತಮ್ಮ ತಮ್ಮ ಹಳೆಯ ಗ್ರಾಫ್‌ಗಳನ್ನು ತೆಗೆದು ನೋಡಿದರು.

ಇದೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಆದರೆ ಪುಸ್ತಕ ನಮ್ಮ ಗ್ರಾಫ್ ನೋಡಿ ಪ್ರಶ್ನೆ ಕೇಳುವುದಿಲ್ಲ, ಅಲ್ವಾ? ಆ ಪ್ರಶ್ನೆ ಕೇಳುವ ಮನುಷ್ಯನ ಹತ್ತಿರ ನಮ್ಮನ್ನು ತಲುಪಿಸುವುದೇ ಡಿಜಿಟಲ್ ಸಾಧನಗಳ ದೊಡ್ಡ ಉಪಕಾರ ಅಂತ ನನ್ನ ಅಭಿಪ್ರಾಯ. ಪಾಠ ಒದಗಿಸುವುದು ಅದರ ನಂತರ.

ನಿಮ್ಮದು ಹೇಗೆ? ನೀವು ಕಲಿಯುತ್ತಿರುವುದನ್ನು ಯಾರಿಗೆ ತೋರಿಸುತ್ತೀರಿ? ಅವರು ನಿಮಗೆ ಸಿಕ್ಕಿದ್ದು ಹೇಗೆ?

ಕೀಲಿಮಣೆ

ಅಕ್ಕ, ಪೂರ್ತಿ ಒಪ್ಪುವುದಿಲ್ಲ. ನಾನು ಪ್ರೋಗ್ರಾಮಿಂಗ್ ಕಲಿತಿದ್ದು ಹೆಚ್ಚೂಕಡಿಮೆ ಒಬ್ಬನೇ ಕೂತು. ನನ್ನ ತಪ್ಪನ್ನು ಹೇಳೋಕೆ ಮನುಷ್ಯರೇ ಬೇಕಿರಲಿಲ್ಲ, ಕಂಪೈಲರ್ (ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್‌ಗೆ ಅರ್ಥವಾಗುವಂತೆ ಬದಲಾಯಿಸುವ ಸಾಫ್ಟ್‌ವೇರ್) ಹೇಳುತ್ತಿತ್ತು. ಎಷ್ಟು ಸಲ ಬೇಕಾದರೂ ಹೇಳುತ್ತಿತ್ತು, ಬೇಜಾರು ಮಾಡಿಕೊಳ್ಳದೆ.

ಜ್ಞಾಪಕದ ವಿಷಯಕ್ಕೆ ಬಂದರೂ ಅಷ್ಟೇ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ನಾವು ಎಷ್ಟು ಬೇಗ ಮರೆಯುತ್ತೇವೆ ಅಂತ ತೋರಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಬಿಟ್ಟು ಬಿಟ್ಟು ಅಳೆದ. 'ಆಂಕಿ' ತರಹದ, ಕಾರ್ಡ್‌ನಲ್ಲಿ ಪ್ರಶ್ನೆ ಬರೆದಿಟ್ಟುಕೊಳ್ಳುವ ಆ್ಯಪ್‌ಗಳು ಕೆಲಸ ಮಾಡುವುದು ಈ ಆಧಾರದ ಮೇಲೇ. ಮರೆಯುವ ಹೊತ್ತಿಗೆ ಸರಿಯಾಗಿ ಆ ಕಾರ್ಡ್ ಮತ್ತೆ ಎದುರಿಗೆ ಬರುತ್ತದೆ. ಯಾವ ಗೆಳೆಯ ಅಷ್ಟು ಲೆಕ್ಕ ಇಟ್ಟುಕೊಂಡು ಕೇಳುತ್ತಾನೆ ಹೇಳಿ?

2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗವನ್ನೂ ನೋಡಿ. ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ: ಶೇ. 83, ಬರೆದವರು ಶೇ. 71. ವಾರ ಬಿಟ್ಟು ಕೇಳಿದರೆ ತಿರುಗುಮುರುಗು. ಬರೆದವರಿಗೆ ಶೇ. 61 ನೆನಪಿತ್ತು, ಓದಿದವರಿಗೆ ಶೇ. 40. ಇಲ್ಲಿ ಬಳಗ ಎಲ್ಲಿ ಬಂತು? ಒಂದು ಖಾಲಿ ಹಾಳೆ ಸಾಕಾಯಿತು.

ರಾತ್ರಿಪಾಳಿ

ಕೀಲಿಮಣೆಯವರೇ, ನಿಮ್ಮ ಕೆಲಸದಲ್ಲಿ ಕಂಪೈಲರ್ ಇದೆ. ನನ್ನ ಕೆಲಸದಲ್ಲಿ ಇಲ್ಲ.

ನಾನು ಐಸಿಯುನಲ್ಲಿ ನರ್ಸ್. ಹೊಸದಾಗಿ ಸೇರಿದಾಗ ಇಸಿಜಿ ಓದುವುದನ್ನು ಆ್ಯಪ್‌ನಲ್ಲೇ ಕಲಿತಿದ್ದೆ. ಚಿತ್ರ ತೋರಿಸಿದರೆ ಹೆಸರು ಹೇಳುತ್ತಿದ್ದೆ. ಒಂದು ಬೆಳಗಿನ ಜಾವ ಮಾನಿಟರ್ ಜೋರಾಗಿ ಕೂಗಿಕೊಂಡಿತು. ಪರದೆ ಮೇಲೆ ಅಗಲವಾದ, ವೇಗವಾದ ಅಲೆಗಳು. ಆ್ಯಪ್‌ನ ಪ್ರಕಾರ ಅದು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಅಂದರೆ ಹೃದಯ ವಿಪರೀತ ವೇಗವಾಗಿ ಬಡಿಯುವುದು, ಜೀವಕ್ಕೇ ಅಪಾಯ. ನಮ್ಮ ಸೀನಿಯರ್ ಸಿಸ್ಟರ್ ಪರದೆ ಕಡೆ ಒಂದು ಕ್ಷಣ ನೋಡಿ ಸೀದಾ ಹಾಸಿಗೆ ಹತ್ತಿರ ಹೋದರು. ರೋಗಿ ಕೂತು ಹಲ್ಲುಜ್ಜುತ್ತಿದ್ದರು! ಕೈ ಅಲ್ಲಾಡಿದ್ದಕ್ಕೆ ಬಂದ ಅಲೆ ಅದು. ಆಮೇಲೆ ಸಿಸ್ಟರ್ ನನ್ನನ್ನು ಕರೆದು ಪರದೆಯ ಕೆಳಗಿನ ಸಾಲು ತೋರಿಸಿದರು. ಬೆರಳಿಗೆ ಹಾಕಿದ ಆಕ್ಸಿಮೀಟರ್‌ನ ಅಲೆ ಅದು. ಅದು ನಿಧಾನವಾಗಿ, ಒಂದೇ ಸಮನೆ ಬರುತ್ತಿತ್ತು. "ಹೃದಯ ನಿಜವಾಗಿ ಹಾಗೆ ಓಡಿದ್ದರೆ ಇದು ಹೀಗೆ ಬರುತ್ತಿತ್ತಾ?" ಅಂತ ಕೇಳಿದರು.

ಆ ಆ್ಯಪ್‌ನಲ್ಲಿ ಆಕ್ಸಿಮೀಟರ್‌ನ ಸಾಲೇ ಇರಲಿಲ್ಲ. ರೋಗಿಯಂತೂ ಇರಲೇ ಇಲ್ಲ. ಬರೀ ಇಸಿಜಿ ಇತ್ತು. ಎಲ್ಲಿ ನೋಡಬೇಕು, ಮೊದಲು ಯಾವುದನ್ನು ನೋಡಬೇಕು ಅನ್ನೋದು ಪಕ್ಕದಲ್ಲಿ ನಿಂತವರಿಂದ ಬಂತು.

ಈಗ ನಮ್ಮ ಪಾಳಿಯವರದ್ದೇ ಒಂದು ಗುಂಪಿದೆ. ರೋಗಿಯ ಹೆಸರು, ನಂಬರ್, ಮುಖ ಯಾವುದೂ ಅಲ್ಲಿ ಬರುವುದಿಲ್ಲ. ಅದು ಕಟ್ಟುನಿಟ್ಟು. ಫೋಟೋ ಕೂಡ ಹಾಕುವುದಿಲ್ಲ. ಪುಸ್ತಕದ ಚಿತ್ರ ಅಥವಾ ಕೈಯಲ್ಲಿ ಬರೆದ ಚಿತ್ರ ಅಷ್ಟೇ. ಮೊನ್ನೆ ಒಬ್ಬರು ಇಸಿಜಿಯ 'ಲೀಡ್ 1'ರಲ್ಲಿ (ಎರಡು ಕೈಗಳ ನಡುವೆ ಅಳೆಯುವ ಸಾಲು) ಎಲ್ಲ ಅಲೆಗಳೂ ತಲೆಕೆಳಗಾದ ಚಿತ್ರ ಬರೆದು ಹಾಕಿದ್ದರು. ಹೊಸ ಹುಡುಗಿ ಒಬ್ಬಳು "ಎರಡು ಕೈಗಳ ವೈರ್ ಅದಲುಬದಲಾಗಿದೆ" ಅಂತ ಸರಿಯಾಗಿ ಹೇಳಿದಳು. ಅವಳಿಗೆ ಅದು ಗೊತ್ತಿದ್ದದ್ದು ಹಿಂದಿನ ವಾರ ಅದೇ ಗುಂಪಿನಲ್ಲಿ ಬೇರೆಯವರ ಮಾತು ಓದಿದ್ದರಿಂದ. ಡಿಜಿಟಲ್ ಸಾಧನ ನನಗೆ ಬೇಕು. ಆದರೆ ಅದರ ಆ ಕಡೆ ಒಬ್ಬ ಸಿಸ್ಟರ್ ಇರಬೇಕು.

ಕೀಲಿಮಣೆ

ಆಕ್ಸಿಮೀಟರ್ ಮಾತು ಚೆನ್ನಾಗಿ ನಾಟಿತು ಮೇಡಂ.

ಹಳೇ ಮೇಷ್ಟ್ರು

ಬಹಳ ಒಳ್ಳೆಯ ಚರ್ಚೆ. ಪಾಠ ಮಾಡಿ ನಿವೃತ್ತನಾದವನು, ಒಂದಿಷ್ಟು ಹಳೆಯ ಮಾತು ಸೇರಿಸುತ್ತೇನೆ.

ಜನರ ಜಾಲದಿಂದ ಕಲಿಯುವುದು ಇಂಟರ್ನೆಟ್ ಬಂದ ಮೇಲೆ ಶುರುವಾಗಿದ್ದಲ್ಲ. ಶ್ರೀನಿವಾಸ ರಾಮಾನುಜನ್ ಅವರನ್ನೇ ನೋಡಿ. ಹದಿಹರೆಯದಲ್ಲಿ ಅವರ ಕೈಗೆ ಕಾರ್ ಎಂಬುವರ ಒಂದು ಪುಸ್ತಕ ಸಿಕ್ಕಿತು. ಸುಮಾರು 5,000 ಸೂತ್ರಗಳು, ಅವು ಯಾಕೆ ಸರಿ ಅನ್ನುವ ಸಾಬೀತು ಮಾತ್ರ ಹೆಚ್ಚಾಗಿ ಇಲ್ಲ. ಅದನ್ನೇ ಇಟ್ಟುಕೊಂಡು ಒಬ್ಬರೇ ಎಲ್ಲಿಂದ ಎಲ್ಲಿಗೋ ಹೋದರು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದರು. ಅದಕ್ಕೂ ಮೊದಲು ಅಲ್ಲಿನ ಬೇರೆ ಇಬ್ಬರು ಗಣಿತಜ್ಞರಿಗೆ ಬರೆದಿದ್ದರು, ಅವರಿಂದ ಪ್ರಯೋಜನವಾಗಲಿಲ್ಲ. ಹಾರ್ಡಿ ತಮ್ಮ ಸಹೋದ್ಯೋಗಿ ಲಿಟಲ್‌ವುಡ್ ಜೊತೆ ಕೂತು ಆ ಪುಟಗಳನ್ನು ಓದಿದರು. ಹಲವು ಫಲಿತಾಂಶಗಳು ಬೆರಗು ಹುಟ್ಟಿಸಿದವು. ಆದರೆ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಹೇಳಿದ್ದ ಕೆಲವು ಮಾತು ತಪ್ಪಾಗಿತ್ತು. ಎಲ್ಲಿ ತಪ್ಪು, ಯಾಕೆ ತಪ್ಪು ಅಂತ ಹಾರ್ಡಿಯಿಂದ ತಿಳಿಯಿತು. ಅಂಥ ಪ್ರತಿಭೆಗೂ ಓದಿ ನೋಡುವ ಇನ್ನೊಬ್ಬರು ಬೇಕಾದರು. 1914ರಲ್ಲಿ ಅವರು ಕೇಂಬ್ರಿಜ್‌ಗೆ ಹೋದ ಮೇಲೆ ಇಬ್ಬರೂ ಸೇರಿ ಮಾಡಿದ ಕೆಲಸ ಎಲ್ಲರಿಗೂ ಗೊತ್ತಿರುವುದೇ.

ಕೀಲಿಮಣೆಯವರು ಹೇಳಿದ ಅಭ್ಯಾಸ, ನೆನಪು, ಮರುನೆನಪು ಇವೆಲ್ಲ ನಿಜ. ನಾನು ಅದನ್ನು ತರಗತಿಯಲ್ಲಿ ದಿನಾ ಕಂಡಿದ್ದೇನೆ. ಆದರೆ ಅದು 'ಗೊತ್ತಿರುವುದನ್ನು ಉಳಿಸಿಕೊಳ್ಳುವ' ದಾರಿ. ಯಾವುದು ಗೊತ್ತಿಲ್ಲ ಅನ್ನುವುದೇ ಗೊತ್ತಿಲ್ಲದಾಗ ಕಾರ್ಡ್ ಯಾರು ಬರೆಯಬೇಕು? ರಷ್ಯಾದ ಮನೋವಿಜ್ಞಾನಿ ವಿಗೋಟ್‌ಸ್ಕಿ ಇದನ್ನೇ ಇನ್ನೊಂದು ರೀತಿ ಹೇಳಿದ್ದರು. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದಷ್ಟು, ಬಲ್ಲವರ ನೆರವಿನಿಂದ ಮಾಡಬಲ್ಲದ್ದು ಇನ್ನಷ್ಟು. ಕಲಿಕೆ ನಡೆಯುವುದು ಇವೆರಡರ ನಡುವಿನ ಜಾಗದಲ್ಲಿ.

ಇನ್ನು ಜಾಲ, ಸಾಧನ ಇವೇ ಕಲಿಕೆ ಅಂತ ನೇರವಾಗಿ ವಾದಿಸಿದವರೂ ಇದ್ದಾರೆ. ಕೆನಡಾದ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್. 2005ರ ಸುಮಾರಿಗೆ ಅವರು 'ಕನೆಕ್ಟಿವಿಸಂ' ಎಂಬ ಹೆಸರಿನಲ್ಲಿ ಒಂದು ವಿಚಾರ ಮುಂದಿಟ್ಟರು. ಜ್ಞಾನ ಒಬ್ಬರ ತಲೆಯಲ್ಲಿ ಮಾತ್ರ ಇರುವುದಿಲ್ಲ, ಜನರಲ್ಲೂ ಸಾಧನಗಳಲ್ಲೂ ಹರಡಿರುತ್ತದೆ, ಕಲಿಯುವುದು ಎಂದರೆ ಆ ಕೊಂಡಿಗಳನ್ನು ಕಟ್ಟಿಕೊಳ್ಳುವುದು, ಅವುಗಳ ನಡುವೆ ಓಡಾಡುವುದು ಅಂತ ಅವರ ವಾದ. 2008ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಅದನ್ನೇ ವಿಷಯವಾಗಿಟ್ಟು ಒಂದು ಕೋರ್ಸ್ ನಡೆಸಿದರು. ಶುಲ್ಕ ಕಟ್ಟಿ ಸೇರಿದವರು 25 ಜನ. ಆನ್‌ಲೈನ್‌ನಲ್ಲಿ ಉಚಿತವಾಗಿ ಸೇರಿಕೊಂಡವರು ಸುಮಾರು 2,200. ಸಾವಿರಾರು ಜನ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸ್‌ಗಳಿಗೆ 'ಮೂಕ್' (MOOC) ಎಂಬ ಹೆಸರು ಹುಟ್ಟಿದ್ದು ಆ ಕೋರ್ಸ್‌ನಿಂದ.

ಇದು ಹೊಸ ಕಲಿಕಾ ಸಿದ್ಧಾಂತವೇ ಅಲ್ಲ ಅಂತ ಟೀಕಿಸಿದವರೂ ಇದ್ದಾರೆ. ನನಗೆ ಕನೆಕ್ಟಿವಿಸಂ ವಾದದಲ್ಲಿ ಅರ್ಧ ಹಿಡಿಸುತ್ತದೆ. ಯಾರ ಹತ್ತಿರ ಏನಿದೆ ಅಂತ ತಿಳಿದಿರುವುದು ದೊಡ್ಡ ವಿದ್ಯೆ, ನಿಜ. ಆದರೆ ಕೊಂಡಿ ಇದ್ದ ಮಾತ್ರಕ್ಕೆ ಅದರಲ್ಲಿ ಏನಾದರೂ ಹರಿಯುತ್ತದೆ ಅಂತಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ನೂರಾರು ಪರಿಣತರನ್ನು ಫಾಲೋ ಮಾಡುತ್ತಾರೆ. ಒಬ್ಬರಿಗೂ ಒಂದು ಪ್ರಶ್ನೆ ಕೇಳಿಲ್ಲ.

ಲೆಕ್ಕದಕ್ಕ

ಮೇಷ್ಟ್ರೇ, ಕೊನೆಯ ಸಾಲಿಗೆ ಒಂದು ಅಧ್ಯಯನ ಸರಿಯಾಗಿ ಹೊಂದುತ್ತದೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನ ತುಂಬಾ ಪ್ರಸಿದ್ಧ. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ವಿಚಾರಿಸಿದರು. ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಅಂದವರು ಶೇ. 16.7 ಮಾತ್ರ. ಅಪರೂಪಕ್ಕೆ ಅಂದವರು ಶೇ. 27.8. ಉಳಿದ ಶೇ. 55.6 ಜನ ನಡುವೆ. ಕಾರಣ ಸರಳ. ನಮ್ಮ ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. ಇದನ್ನೇ ಹಿಡಿದುಕೊಂಡು 'ನೆಟ್‌ವರ್ಕ್ ದೊಡ್ಡದು ಮಾಡಿಕೊಳ್ಳಿ' ಅಂತ ಎಲ್ಲರೂ ಹೇಳುತ್ತಾರೆ.

ಆದರೆ 1999ರಲ್ಲಿ ಮಾರ್ಟನ್ ಹ್ಯಾನ್ಸನ್ ಮಾಡಿದ ಅಧ್ಯಯನವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ 41 ವಿಭಾಗಗಳಲ್ಲಿ ನಡೆದ 120 ಯೋಜನೆಗಳನ್ನು ಅವರು ನೋಡಿದರು. ಯಾರ ಹತ್ತಿರ ಏನಿದೆ ಅಂತ ಹುಡುಕಲು ದೂರದ ಪರಿಚಯ ನೆರವಾಯಿತು. ಆದರೆ ಆ ವಿದ್ಯೆ ಬರೆದು ಕೊಡಲಾಗದಷ್ಟು ಸಿಕ್ಕುಸಿಕ್ಕಾಗಿದ್ದರೆ, ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಗಟ್ಟಿ ಸಂಬಂಧವೇ ಬೇಕಾಯಿತು.

ನನಗೆ ಕಲಿಕೆಯಲ್ಲಿ ಇದೇ ಕಾಣಿಸುತ್ತದೆ. ಯಾವ ವಿಷಯ ಕಲಿಯಬೇಕು, ಯಾವ ಪುಸ್ತಕ ಒಳ್ಳೆಯದು, ಯಾವ ಸಾಫ್ಟ್‌ವೇರ್ ಬಂದಿದೆ ಇವೆಲ್ಲ ದೂರದವರಿಂದ ಬರುತ್ತವೆ. ಅದಕ್ಕೆ ಫಾಲೋ ಮಾಡಿದರೆ ಸಾಕು. ಆ ಸಣ್ಣ ಗೆರೆ ಯಾವುದರದ್ದು ಅಂತ ಕೇಳಲು ಮಾತ್ರ ನನ್ನ ಕೆಲಸ ಮೂರು ಸಲವಾದರೂ ನೋಡಿರುವ ಒಬ್ಬರು ಬೇಕು. ಜಾಸ್ತಿ ಜನ ಮೊದಲನೆಯದನ್ನು ಬೆಳೆಸಿಕೊಂಡು ಎರಡನೆಯದೂ ತಾನಾಗಿ ಬರುತ್ತದೆ ಅಂತ ಕಾಯುತ್ತಾರೆ. ಅದು ಬರುವುದಿಲ್ಲ.

ಮೂಲೆಯಲ್ಲಿ ಕೂತವಳು

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಬಹಳ ಕಾಲದಿಂದ ಓದುತ್ತಿದ್ದರೂ.

ನೀವೆಲ್ಲ ಪ್ರಶ್ನೆ ಕೇಳದವರನ್ನು ಸ್ವಲ್ಪ ಕಡಿಮೆ ಮಾಡಿ ನೋಡುತ್ತಿದ್ದೀರಿ ಅನಿಸಿತು. ಸುಮ್ನೆ ನೋಡುತ್ತಾ ಇರುವುದೂ ಕಲಿಕೆಯೇ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಲೈಬೀರಿಯಾದ ಟೈಲರ್‌ಗಳ ಹತ್ತಿರ ಕೆಲಸ ಕಲಿಯುವ ಹುಡುಗರ ಉದಾಹರಣೆ ಅದರಲ್ಲಿ ಇದೆ. ಅವರು ಶುರು ಮಾಡುವುದು ಬಟ್ಟೆ ಕತ್ತರಿಸುವುದರಿಂದ ಅಲ್ಲ. ಕೊನೆಯಿಂದ. ಮೊದಲು ಗುಂಡಿ ಹಚ್ಚುವುದು, ಅಂಚು ಹೊಲಿಯುವುದು. ಆಮೇಲೆ ತುಂಡುಗಳನ್ನು ಸೇರಿಸಿ ಹೊಲಿಯುವುದು. ಕತ್ತರಿ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಪೂರ್ತಿ ಉಡುಪು ಹೇಗೆ ಕೂರಬೇಕು ಅಂತ ಕಣ್ಣಿಗೆ ಗೊತ್ತಾಗಿರುತ್ತದೆ. ಮತ್ತೆ, ಗುಂಡಿ ತಪ್ಪಿದರೆ ಬಿಚ್ಚಿ ಹಾಕಬಹುದು. ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹೋಯಿತು.

ಆನ್‌ಲೈನ್ ಗುಂಪುಗಳಲ್ಲಿ ಹೊಸಬರಿಗೆ ಅಂಥ ಗುಂಡಿ ಹಚ್ಚುವ ಕೆಲಸವೇ ಇರುವುದಿಲ್ಲ. ಒಂದೋ ಸುಮ್ಮನೆ ಓದಬೇಕು, ಇಲ್ಲಾ ಎಲ್ಲರ ಎದುರಿಗೆ ಪ್ರಶ್ನೆ ಕೇಳಿ ನಿಲ್ಲಬೇಕು. ನಡುವೆ ಏನೂ ಇಲ್ಲ. "ಗೂಗಲ್ ಮಾಡಿ" ಅಂತ ಒಂದು ಉತ್ತರ ಬಂದರೆ ಸಾಕು, ಮತ್ತೆ ಆ ಕಡೆ ತಲೆ ಹಾಕಲು ಮನಸ್ಸಾಗುವುದಿಲ್ಲ. ಹೆಂಗಸಿನ ಹೆಸರಿದ್ದರೆ ಪ್ರಶ್ನೆಗೆ ಉತ್ತರ ಬರುವ ಬದಲು ಖಾಸಗಿ ಮೆಸೇಜ್ ಬರುತ್ತದೆ. ಆದ್ದರಿಂದ ಮೂಲೆಯಲ್ಲಿ ಕೂರುವವರೆಲ್ಲ ಸೋಮಾರಿಗಳಲ್ಲ.

ನಾನು ಅನುವಾದ ಕಲಿಯುವ ಒಂದು ಗುಂಪಿನಲ್ಲಿದ್ದೇನೆ. ಅಲ್ಲಿ ಒಳ್ಳೆಯ ಪದ್ಧತಿ ಇದೆ. ಹೊಸಬರಿಗೆ ಮೊದಲು ಬೇರೆಯವರ ಅನುವಾದದಲ್ಲಿ ಕಾಗುಣಿತ ನೋಡುವ ಕೆಲಸ ಕೊಡುತ್ತಾರೆ. ಆಮೇಲೆ ಎರಡು ಕರಡು ಕೊಟ್ಟು "ಯಾವುದು ಸಲೀಸಾಗಿ ಓದಿಸಿಕೊಳ್ಳುತ್ತದೆ?" ಅಂತ ಕೇಳುತ್ತಾರೆ. ಹೀಗೆ ಒಂದಿಷ್ಟು ದಿನ ಆದ ಮೇಲೆ ನಾನು ನನ್ನದೇ ಒಂದು ಪುಟ ಹಾಕಿದೆ. ಯಾರೂ ಬಲವಂತ ಮಾಡಿರಲಿಲ್ಲ.

ಹಳೇ ಮೇಷ್ಟ್ರು

ಇದು ನಾನು ಯೋಚಿಸದೇ ಇದ್ದ ಮಾತು, ತಾಯಿ. ಗುಂಡಿ ಹಚ್ಚುವ ಕೆಲಸ ಎಲ್ಲ ಗುಂಪಿನಲ್ಲೂ ಇರಬೇಕು. ಇಲ್ಲಿ ಬರೆಯುತ್ತಾ ಇರಿ.

ಕಿವಿಯಲ್ಲೇ ಓದುವವನು

ಅಕ್ಕನ ಮೊದಲ ಮಾತಿಗೆ ಬರುತ್ತೇನೆ. ಸಾಧನಕ್ಕೆ ಎರಡನೇ ಜಾಗ ಕೊಟ್ಟಿದ್ದೀರಿ. ನನ್ನಂಥವರಿಗೆ ಆ ಕ್ರಮ ಬೇರೆ.

ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಲ್ಲದಿದ್ದರೆ ಈ ಚರ್ಚೆಯಲ್ಲಿ ನಾನು ಇರುವುದೇ ಇಲ್ಲ. ನಾನು ಬಳಸುವುದು ಎನ್‌ವಿಡಿಎ. ಅದನ್ನು 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕಲ್ ಕರನ್, ಜೊತೆಗೆ ಸೇರಿದ್ದು ಜೇಮ್ಸ್ ಟೆ. ಇಬ್ಬರೂ ದೃಷ್ಟಿ ಇಲ್ಲದವರು. ಅಲ್ಲಿಯವರೆಗೆ ವಿಂಡೋಸ್‌ಗೆ ಒಳ್ಳೆಯ ಸ್ಕ್ರೀನ್ ರೀಡರ್ ಬೇಕಿದ್ದರೆ ಕಂಪ್ಯೂಟರ್‌ಗಿಂತ ಜಾಸ್ತಿ ದುಡ್ಡು ಕೊಡಬೇಕಾಗುವ ಸಂದರ್ಭವೂ ಇತ್ತು. ಇವರು ಅದನ್ನು ಉಚಿತವಾಗಿ, ಮೂಲ ಕೋಡ್ ಸಮೇತ ಕೊಟ್ಟರು. ನನಗೆ ಬಳಗ ಸಿಕ್ಕಿದ್ದು ಆಮೇಲೆ.

ವಿಡಿಯೋ ಪಾಠಗಳ ಬಗ್ಗೆ ಎಲ್ಲರೂ ಹೊಗಳಿ ಮಾತಾಡುತ್ತಾರೆ. ಒಂದು ಸಲ ಕಣ್ಣು ಮುಚ್ಚಿ ಕೇಳಿ ನೋಡಿ. "ಇಲ್ಲಿ ನೋಡಿ, ಇದನ್ನು ತಗೊಂಡು ಅಲ್ಲಿ ಹಾಕಿದರೆ, ನೋಡಿ, ಹೀಗೆ ಬಂತು." ಇದೇ ಗಣಿತದ ಪಾಠ! ಪುಸ್ತಕದಲ್ಲಿ ಸಮೀಕರಣವನ್ನು ಚಿತ್ರವಾಗಿ ಹಾಕಿದ್ದರೆ ನನ್ನ ಸಾಧನ "ಗ್ರಾಫಿಕ್" ಅಂತ ಒಂದು ಮಾತು ಹೇಳಿ ಮುಂದೆ ಹೋಗುತ್ತದೆ. ಅದನ್ನೇ ಮ್ಯಾತ್‌ಎಂಎಲ್‌ನಲ್ಲಿ (ವೆಬ್ ಪುಟದಲ್ಲಿ ಗಣಿತವನ್ನು ಅಕ್ಷರವಾಗಿ ಬರೆಯುವ ಕೋಡ್) ಬರೆದಿದ್ದರೆ ಭಾಗ ಭಾಗವಾಗಿ ಕೇಳಬಹುದು. ಮೇಲೆ ಏನಿದೆ, ಕೆಳಗೆ ಏನಿದೆ, ವರ್ಗಮೂಲ ಎಲ್ಲಿ ಮುಗಿಯಿತು, ಎಲ್ಲ ಗೊತ್ತಾಗುತ್ತದೆ.

ಇಲ್ಲಿ ಸಾಧನ ಮತ್ತು ಜನ ಬೇರೆ ಬೇರೆ ಅಂತ ನನಗೆ ಅನಿಸುವುದೇ ಇಲ್ಲ. ಯಾರೋ ಒಬ್ಬರು ನನ್ನನ್ನು ನೆನಪಿಟ್ಟುಕೊಂಡು ಆ ಸಮೀಕರಣವನ್ನು ಸರಿಯಾಗಿ ಬರೆದರೆ ಸಾಧನ ಕೆಲಸ ಮಾಡುತ್ತದೆ. ಬರೆಯದಿದ್ದರೆ ಮಾಡುವುದಿಲ್ಲ. ಲೆಕ್ಕದಕ್ಕ, ನಿಮ್ಮ ಮೊದಲ ಪೋಸ್ಟ್‌ನಲ್ಲಿ ಗ್ರಾಫ್ ಹೇಗಿತ್ತು ಅಂತ ಮಾತಿನಲ್ಲೇ ಹೇಳಿದ್ದೀರಿ. ಎರಡು ಕಂಬ, ತಲೆಯ ಮೇಲೆ ಗೆರೆ. ಚಿತ್ರ ಹಾಕಿ ಬಿಟ್ಟಿದ್ದರೆ ನಾನು ಈ ಚರ್ಚೆಗೆ ಬರುತ್ತಿರಲಿಲ್ಲ.

ಲೆಕ್ಕದಕ್ಕ

ನೀವು ಹೇಳಿದ ಕ್ರಮವನ್ನು ಒಪ್ಪಿದೆ. ಒಳಗೆ ಬರಲು ಬಾಗಿಲೇ ಇಲ್ಲದಿದ್ದರೆ ಒಳಗಿರುವ ಬಳಗದ ಮಾತು ಆಡಿ ಏನು ಬಂತು. ನಮ್ಮ ಗುಂಪಿನಲ್ಲಿ ಇನ್ನು ಮುಂದೆ ಪ್ರತಿ ಗ್ರಾಫ್ ಜೊತೆ ಎರಡು ಸಾಲು ವಿವರಣೆ ಹಾಕಲು ಹೇಳುತ್ತೇನೆ. ಗ್ರಾಫ್ ಮಾಡಿದವರಿಗೂ ಅದರಿಂದ ಒಳ್ಳೆಯದೇ. ಮಾತಿನಲ್ಲಿ ಹೇಳಲು ಹೋದಾಗಲೇ ಆ ಗೆರೆ ಯಾವುದರದ್ದು ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ.

ಮೊದಲ ವರ್ಷ

ನಾನು ಕಾಲೇಜಿಗೆ ಈಗಷ್ಟೇ ಸೇರಿದ್ದೇನೆ. ಒಂದು ಪ್ರಶ್ನೆ. ಇವತ್ತು ಎಐ ಚಾಟ್‌ಬಾಟ್‌ಗೆ ನನ್ನ ಕೆಲಸ ತೋರಿಸಿದರೆ ಅದೇ ನೋಡಿ ಹೇಳುತ್ತದೆ. ಗ್ರಾಫ್ ಹಾಕಿದರೆ "ಗೆರೆ ಯಾವುದರದ್ದು?" ಅಂತಲೂ ಕೇಳಬಹುದು. ರಾತ್ರಿ ಎರಡು ಗಂಟೆಗೂ ಸಿಗುತ್ತದೆ. ಬೈಯುವುದಿಲ್ಲ. ಖಾಸಗಿ ಮೆಸೇಜ್ ಕಾಟ ಇಲ್ಲ. ಹಾಗಾದರೆ ಬಳಗ ಯಾಕೆ ಬೇಕು?

ಕೀಲಿಮಣೆ

ಒಳ್ಳೆಯ ಪ್ರಶ್ನೆ ತಮ್ಮ. ನಾನು ದಿನಾ ಬಳಸುತ್ತೇನೆ, ಆದ್ದರಿಂದ ಬೇಡ ಅಂತ ಹೇಳುವುದಿಲ್ಲ. ಎರಡು ವಿಷಯ ಹೇಳುತ್ತೇನೆ.

ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಜೊತೆ ಗಣಿತದಲ್ಲಿ ಒಂದು ಪ್ರಯೋಗ ಆಯಿತು. ಹಮ್ಸಾ ಬಸ್ತಾನಿ ಮತ್ತು ಅವರ ಜೊತೆಯವರು ಮಾಡಿದ್ದು. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್ ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಮಾಡಿದ್ದನ್ನು ಕೊಟ್ಟರು. ಮೂರನೆಯವರಿಗೆ ಯಾವುದೂ ಇಲ್ಲ. ಅಭ್ಯಾಸದ ಲೆಕ್ಕಗಳಲ್ಲಿ ಮೊದಲನೇ ಗುಂಪಿನ ಅಂಕ ಶೇ. 48 ಏರಿತು, ಎರಡನೆಯದು ಶೇ. 127. ಆಮೇಲೆ ಚಾಟ್‌ಬಾಟ್ ತೆಗೆದುಕೊಂಡು ಪರೀಕ್ಷೆ ಇಟ್ಟರು. ಸಾಮಾನ್ಯ ಚಾಟ್‌ಬಾಟ್ ಬಳಸಿದವರು, ಅದನ್ನು ಮುಟ್ಟದೇ ಇದ್ದವರಿಗಿಂತ ಶೇ. 17 ಹಿಂದೆ ಬಿದ್ದರು. ಸುಳಿವು ಮಾತ್ರ ಪಡೆದವರಿಗೆ ಆ ಪೆಟ್ಟು ಹೆಚ್ಚು ತಟ್ಟಲಿಲ್ಲ. ಹಾಗಾಗಿ ಅದನ್ನು ಬಳಸುವಾಗ "ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆ ಅಂತ ಒಂದು ಪ್ರಶ್ನೆ ಕೇಳು" ಅಂತ ಮೊದಲೇ ಹೇಳು. ಕಷ್ಟ ಅನಿಸುತ್ತದೆ. ಆ ಕಷ್ಟವೇ ಕಲಿಸುವುದು.

ಎರಡನೆಯದು ನನ್ನನ್ನು ನಿಜವಾಗಿ ಕಾಡುವ ವಿಷಯ. ನಾನು ಒಬ್ಬನೇ ಕೂತು ಕಲಿತೆ ಅಂತ ಮೇಲೆ ಬರೆದಿದ್ದೆ. ಈ ಚರ್ಚೆ ಓದುತ್ತಾ ಅದರ ಬಗ್ಗೆ ಮತ್ತೆ ಯೋಚಿಸಿದೆ. ಕಂಪೈಲರ್ ಕೊಟ್ಟ ಎರರ್ ಮೆಸೇಜನ್ನು ನಾನು ಹುಡುಕುತ್ತಿದ್ದೆ. ಹುಡುಕಿದಾಗ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಯಾರೋ ಅದೇ ಪ್ರಶ್ನೆ ಕೇಳಿರುತ್ತಿದ್ದರು, ಇನ್ಯಾರೋ ಉತ್ತರ ಬರೆದಿರುತ್ತಿದ್ದರು. ಕೆಳಗೆ ಮೂರನೆಯವರು "ಇದು ಹೊಸ ಆವೃತ್ತಿಯಲ್ಲಿ ನಡೆಯುವುದಿಲ್ಲ" ಅಂತ ಎಚ್ಚರಿಸಿರುತ್ತಿದ್ದರು. ನಾನು ಒಬ್ಬನೇ ಇರಲಿಲ್ಲ. ನನಗಿಂತ ಮುಂಚೆ ಎಡವಿದವರು ಅಲ್ಲಿ ಗುರುತು ಬಿಟ್ಟು ಹೋಗಿದ್ದರು.

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೆಗೆ. ಅದಾಗಿ ಆರು ತಿಂಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋದ ಚಟುವಟಿಕೆ, ಚಾಟ್‌ಬಾಟ್ ಅಷ್ಟಾಗಿ ಸಿಗದ ರಷ್ಯನ್, ಚೀನೀ ತಾಣಗಳಿಗೆ ಹೋಲಿಸಿದರೆ ಶೇ. 25ರಷ್ಟು ಇಳಿಯಿತು ಅಂತ 2024ರ ಒಂದು ಅಧ್ಯಯನ ಹೇಳುತ್ತದೆ. ಇಳಿದಿದ್ದರಲ್ಲಿ ಹೊಸಬರ ಸಣ್ಣಪುಟ್ಟ ಪ್ರಶ್ನೆಗಳು ಮಾತ್ರ ಇರಲಿಲ್ಲ, ಎಲ್ಲ ಮಟ್ಟದವರ ಬರಹವೂ ಕಡಿಮೆಯಾಯಿತು. ನೀನು ರಾತ್ರಿ ಎರಡು ಗಂಟೆಗೆ ಚಾಟ್‌ಬಾಟ್‌ಗೆ ಕೇಳಿದ ಪ್ರಶ್ನೆ ನಿನ್ನ ಪರದೆ ಮೇಲೇ ಉಳಿಯುತ್ತದೆ. ಅದರಿಂದ ರಾತ್ರಿಪಾಳಿಯವರು ಹೇಳಿದ ಆ ಹೊಸ ಹುಡುಗಿಗೆ ಏನೂ ಸಿಗುವುದಿಲ್ಲ. ಅವಳು ಕಲಿತದ್ದು ಬೇರೆಯವರ ಮಾತನ್ನು ಓದಿ. ನಾವೆಲ್ಲ ಖಾಸಗಿಯಾಗಿಯೇ ಕೇಳಿಕೊಂಡರೆ ಮೂಲೆಯಲ್ಲಿ ಕೂತವರು ಓದುವುದು ಏನನ್ನು?

ಮೂಲೆಯಲ್ಲಿ ಕೂತವಳು

ಇದನ್ನು ಓದಿ ತುಂಬಾ ಸಮಾಧಾನ ಆಯಿತು. ನಮ್ಮನ್ನೂ ಲೆಕ್ಕಕ್ಕೆ ತಗೊಂಡಿದ್ದೀರಿ.

ರಾತ್ರಿಪಾಳಿ

ತಮ್ಮ, ಇನ್ನೊಂದು ಮಾತು. ನನ್ನ ಸಿಸ್ಟರ್ ನನಗೆ ಆಕ್ಸಿಮೀಟರ್ ತೋರಿಸಿದ್ದು ನಾನು ಕೇಳಿದ್ದಕ್ಕೆ ಅಲ್ಲ. ನನಗೆ ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಅವರು ನನ್ನ ಮುಖ ನೋಡಿ ಕರೆದರು. ನೀನು ತೋರಿಸಿದ್ದನ್ನು ಚಾಟ್‌ಬಾಟ್ ನೋಡುತ್ತದೆ. ತೋರಿಸದೇ ಇದ್ದುದನ್ನು ನೋಡಲು ಪಕ್ಕದಲ್ಲಿ ಯಾರಾದರೂ ಬೇಕು.

ಮೊದಲ ವರ್ಷ

ಅರ್ಥ ಆಯಿತು. ಆದರೆ ನನಗೆ ಅಂಥವರು ಯಾರೂ ಇಲ್ಲವಲ್ಲ. ಸೀನಿಯರ್‌ಗಳ ಪರಿಚಯ ಇಲ್ಲ, ಲೆಕ್ಚರರ್ ಹತ್ತಿರ ಹೋಗಲು ಹೆದರಿಕೆ. ಎಲ್ಲಿಂದ ಶುರು ಮಾಡಲಿ?

ಹಳೇ ಮೇಷ್ಟ್ರು

ಹೆದರಬೇಡ ಮಗು. ನೇರವಾಗಿ "ನನಗೆ ಮಾರ್ಗದರ್ಶನ ಮಾಡಿ" ಅಂತ ಯಾರಿಗೂ ಬರೆಯಬೇಡ. ಅದು ದೊಡ್ಡ ಕೇಳಿಕೆ, ಹೂಂ ಅನ್ನಲು ಯಾರಿಗಾದರೂ ಕಷ್ಟ. ಅವರು ಬರೆದದ್ದನ್ನೋ ಹೇಳಿದ್ದನ್ನೋ ಓದಿ, ಮಾಡಿ ನೋಡಿ, "ಇಷ್ಟು ಮಾಡಿದೆ, ಈ ಹಂತದಲ್ಲಿ ನಿಂತಿದ್ದೇನೆ, ಹೀಗೆ ಆಗಬೇಕಿತ್ತು, ಹೀಗೆ ಆಗುತ್ತಿದೆ" ಅಂತ ನಾಲ್ಕು ಸಾಲು ಬರೆ. ಅಷ್ಟು ಮಾಡಿದವರಿಗೆ ಉತ್ತರ ಕೊಡಲು ಮೇಷ್ಟ್ರುಗಳಿಗೆ ಖುಷಿ. ನನ್ನ ಅನುಭವದಲ್ಲಿ ಹೇಳುತ್ತೇನೆ, ಹಾಗೆ ಬರುವವರು ಬಹಳ ಕಡಿಮೆ. ಬಂದವರ ಹೆಸರು ಮರೆಯುವುದಿಲ್ಲ.

ಕೀಲಿಮಣೆ

ಹಾಗೆ ಬರೆಯಲು ಕೂತಾಗ ಅರ್ಧ ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ನೂರು ಸಾಲಿನ ಪ್ರೋಗ್ರಾಮ್‌ನಲ್ಲಿ ತೊಂದರೆಗೆ ಸಂಬಂಧ ಇಲ್ಲದ್ದನ್ನು ಒಂದೊಂದೇ ತೆಗೆಯುತ್ತಾ ಹೋಗು. ಪ್ರತಿ ಸಲ ತೆಗೆದಾಗಲೂ ಓಡಿಸಿ ನೋಡು. ತೊಂದರೆ ಇನ್ನೂ ಇದೆಯಾ? ಇದ್ದರೆ ಇನ್ನಷ್ಟು ತೆಗೆ. ಹೋಯಿತಾ? ಹಾಗಾದರೆ ಕೊನೆಗೆ ತೆಗೆದ ಸಾಲಿನ ಸುತ್ತಲೇ ಏನೋ ಇದೆ. ಕೊನೆಗೆ ಹತ್ತು ಸಾಲು ಉಳಿಯುತ್ತದೆ. ಆಗ ಬೇರೆಯವರಿಗೆ ತೋರಿಸಿದರೆ ಅವರ ಹೊತ್ತೂ ಉಳಿಯುತ್ತದೆ.

ಲೆಕ್ಕದಕ್ಕ

ನನ್ನದೂ ಒಂದು ಸೇರಿಸುತ್ತೇನೆ. ನಿನಗಿಂತ ಬಹಳ ಮುಂದೆ ಇರುವವರನ್ನೇ ಹುಡುಕಬೇಕಾಗಿಲ್ಲ. ನಿನ್ನ ಜೊತೆ ಈಗ ಅದೇ ಪಾಠ ಓದುತ್ತಿರುವ ಇಬ್ಬರು ಮೂವರು ಸಾಕು. ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಆ ಹೊತ್ತಿಗೆ ಎಲ್ಲರೂ ಮುಗಿಯದೇ ಇರುವ ಏನಾದರೂ ಒಂದನ್ನು ತರಬೇಕು. ಮುಗಿದದ್ದನ್ನು ತರುವಂತಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ವಿವರಿಸಿ ಹೇಳಬೇಕು, ಮಾಡಿದವರು ಸುಮ್ಮನೆ ಕೇಳಬೇಕು. ಎಲ್ಲಿ ವಿವರಿಸುವವರು ತಡವರಿಸುತ್ತಾರೋ ಅಲ್ಲಿ ಏನೋ ಇರುತ್ತದೆ.

ಗುಂಪು ದೊಡ್ಡದಾಗಲು ಬಿಡಬೇಡಿ. ಐವತ್ತು ಜನ ಆದ ದಿನದಿಂದ ಲಿಂಕ್‌ಗಳು ಬರುತ್ತವೆ, ಅರ್ಧಂಬರ್ಧ ಕೆಲಸ ನಿಂತುಹೋಗುತ್ತದೆ. ಅಷ್ಟು ಜನರ ಎದುರಿಗೆ ಅದನ್ನು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಮಾತಾಡಿ ಗೊತ್ತಾದದ್ದನ್ನು ಮಾತ್ರ ಹೊರಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದು ಹಾಕಿ. ಕೀಲಿಮಣೆಯವರು ಹೇಳಿದ ಗುರುತು ಅಂದರೆ ಅದೇ.

ಕಿವಿಯಲ್ಲೇ ಓದುವವನು

ಹೊರಗೆ ಹಾಕುವಾಗ ಸಮೀಕರಣವನ್ನು ಸ್ಕ್ರೀನ್‌ಶಾಟ್ ಮಾಡಿ ಹಾಕಬೇಡ ತಮ್ಮ, ಅಕ್ಷರದಲ್ಲೇ ಬರೆ.

ಮೊದಲ ವರ್ಷ

ಖಂಡಿತ ಬರೆಯುತ್ತೇನೆ. ನಮ್ಮ ಕ್ಲಾಸಿನಲ್ಲಿ ಇಬ್ಬರಿಗೆ ಈಗಲೇ ಮೆಸೇಜ್ ಮಾಡಿದೆ. ಒಬ್ಬಳು ಒಪ್ಪಿದ್ದಾಳೆ. ಕ್ಯಾಲ್ಕುಲಸ್‌ನಲ್ಲಿ ಚೈನ್ ರೂಲ್ ಹತ್ತಿರ ಇಬ್ಬರೂ ನಿಂತಿದ್ದೇವೆ. ಸೈನ್ ಒಳಗೆ ಎಕ್ಸ್ ವರ್ಗ ಇದ್ದಾಗ ಅದರ ಡೆರಿವೇಟಿವ್ (ಬದಲಾಗುವ ದರ) ತೆಗೆದರೆ ಹೊರಗಡೆ ಎರಡು ಎಕ್ಸ್ ಯಾಕೆ ಬರುತ್ತದೆ ಅಂತ ಅವಳು ಕೇಳಿದಳು. ಸೂತ್ರ ಗೊತ್ತಿದೆ, ಯಾಕೆ ಅಂತ ಹೇಳಲು ಬರುತ್ತಿಲ್ಲ.

ಲೆಕ್ಕದಕ್ಕ

ಅದಕ್ಕೆ ಹೊಸ ಚರ್ಚೆ ತೆರೆದು, ನೀವಿಬ್ಬರೂ ಇಲ್ಲಿಯವರೆಗೆ ಯೋಚಿಸಿದ್ದನ್ನು ಬರೆ. ಮೊದಲು ಇದೊಂದು ಮಾಡಿ ನೋಡಿ: ಎಕ್ಸ್ 3 ಇದ್ದಾಗ ವರ್ಗ 9. ಎಕ್ಸ್ 3.01 ಆದರೆ ವರ್ಗ ಎಷ್ಟಾಗುತ್ತದೆ? ಎಕ್ಸ್ ಎಷ್ಟು ಸರಿದಿದೆ, ವರ್ಗ ಎಷ್ಟು ಸರಿದಿದೆ, ಎರಡನ್ನೂ ಪಕ್ಕಪಕ್ಕ ಬರೆದುಕೊಂಡು ಬನ್ನಿ.